ಮಲೆನಾಡಿನ ಮಳೆಗೆ ರೇನ್‌ಕೋಟ್: ಬಟ್ಟೆ ನೋಡಿ ಕೊಳ್ಳುವುದು ಹೇಗೆ?

ಆಗುಂಬೆ, ಹೊಸನಗರ, ಮಡಿಕೇರಿ ಕಡೆ ಮಳೆಗಾಲವಿಡೀ ಬೈಕಿನಲ್ಲಿ ಓಡಾಡುವವರು ‘ವಾಟರ್‌ಪ್ರೂಫ್’ ಎಂಬ ಮಾತೊಂದನ್ನೇ ನಂಬಿ ಕೋಟು ಕೊಳ್ಳಬಾರದು. ಲೇಬಲ್‌ನಲ್ಲಿ ಮಿಲಿಮೀಟರ್ ಲೆಕ್ಕದ ಅಂಕಿ ಹುಡುಕಿ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂಬುದನ್ನು ಅದು ಹೇಳುತ್ತದೆ. 1,500 ಇದ್ದರೆ ಜಿಟಿಜಿಟಿ ಮಳೆಗೆ ಆದೀತು. ಬೈಕಿಗೆ ಕೋಟು 5,000ಕ್ಕೆ ಕಡಿಮೆ ಬೇಡ, ಪ್ಯಾಂಟು 10,000 ಇರಲಿ. ಒದ್ದೆ ಸೀಟಿನ ಮೇಲೆ ಕೂತಾಗ ಮೈಭಾರವೇ ನೀರನ್ನು ಒಳಕ್ಕೆ ಒತ್ತುತ್ತದೆ; ಮೊದಲು ನೆನೆಯುವುದು ಅಲ್ಲೇ.

ಅಂಕಿ ಬರೆದಿಲ್ಲವೇ? ಬಟ್ಟೆಯನ್ನು ಲೋಟದ ಬಾಯಿಗೆ ಸ್ವಲ್ಪ ತಗ್ಗಾಗುವಂತೆ ಕಟ್ಟಿ, ನಾಲ್ಕು ಚಮಚ ನೀರು ಹಾಕಿ, ಹದಿನೈದು ನಿಮಿಷ ಬಿಡಿ. ನಂತರ ನೀರನ್ನು ಮೇಲಿನಿಂದ ಬೆರಳಲ್ಲಿ ಒತ್ತಿ ಉಜ್ಜಿ. ಒಳಮೈಗೆ ಟಿಶ್ಯೂ ತಾಗಿಸಿದಾಗ ಒದ್ದೆಯಾದರೆ ಆ ಬಟ್ಟೆ ಬೇಡ.

ಪಿವಿಸಿ ಅಗ್ಗ, ಒಂದು ಹನಿಯನ್ನೂ ಬಿಡುವುದಿಲ್ಲ. ಆದರೆ ಬೆವರೂ ಹೊರಹೋಗದು; ಮಡಿಕೆಯಲ್ಲಿ ಸೀಳುತ್ತದೆ. ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪದ ನೈಲಾನ್ ಅಥವಾ ಪಾಲಿಯೆಸ್ಟರ್ ಹಗುರ, ದಿನಬಳಕೆಗೆ ನಮ್ಮ ಆಯ್ಕೆ ಅದೇ. ಆವಿ ಹೊರಬಿಡುವ ಪೊರೆಯಿರುವ ದುಬಾರಿ ಜಾಕೆಟ್‌ಗಳ ಬಗ್ಗೆ ಒಂದು ಮಾತು: ಒಳಗಿನ ಗಾಳಿಗಿಂತ ಹೊರಗಿನದು ಒಣಗಿದ್ದರೆ ಮಾತ್ರ ಆವಿ ಚೆನ್ನಾಗಿ ಹೊರಹೋಗುತ್ತದೆ. ಜುಲೈ ತಿಂಗಳ ಮಲೆನಾಡಿನಲ್ಲಿ ಗಾಳಿಯೇ ನೀರಾಗಿರುತ್ತದೆ. ಆ ದುಡ್ಡಿಗೆ ಕಂಕುಳಲ್ಲಿ ಜಿಪ್, ಬೆನ್ನಲ್ಲಿ ಮುಚ್ಚಿಗೆಯಡಿ ಜಾಲರಿ ಇರುವ ಕೋಟು ನೋಡಿ.

ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೂಜಿ ಚುಚ್ಚಿದ ಕಡೆಯೆಲ್ಲ ತೂತು. ಕೋಟನ್ನು ಒಳಹೊರಗು ಮಾಡಿ ನೋಡಿ: ಭುಜ, ಕಂಕುಳು, ತೊಡೆಸಂದಿಯ ಹೊಲಿಗೆಗಳ ಮೇಲೆಲ್ಲ ಬೆರಳಗಲದ ಟೇಪು ಬಿಸಿಯಲ್ಲಿ ಅಂಟಿರಬೇಕು. ತುದಿಯನ್ನು ಉಗುರಿನಿಂದ ಕೆರೆದಾಗ ಎದ್ದರೆ ಆ ಕೋಟನ್ನು ಅಲ್ಲೇ ಬಿಡಿ. ಮುಂದಿನ ಜಿಪ್ ಮೇಲೆ ಅಗಲವಾದ ಪಟ್ಟಿ ಮುಚ್ಚಿಕೊಳ್ಳಬೇಕು.

ಒಳಗೆ ಜೀನ್ಸ್, ಹತ್ತಿ ಬನಿಯನ್ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ಮೈ ತಣ್ಣಗೆ ಮಾಡುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ; ಗದ್ದೆ ಕೆಲಸಕ್ಕೆ ಕಂಬಳಿಕೊಪ್ಪೆ ಹೊದೆಯುತ್ತಿದ್ದುದು ಸುಮ್ಮನೆ ಅಲ್ಲ.

ಹೊಸ ಕೋಟಿನ ಮೇಲೆ ಹನಿ ಕೆಸುವಿನೆಲೆಯ ಮೇಲಿನಂತೆ ಉರುಳುತ್ತದೆ. ಅದು ಹೊರಮೈಯ ತೆಳು ಲೇಪದ ಕೆಲಸ. ಕೊಳೆ, ಸೋಪಿನ ಪುಡಿಯ ಉಳಿಕೆ, ಕಂಫರ್ಟ್‌ನಂಥ ದ್ರವ ಅದನ್ನು ಕೆಡಿಸುತ್ತವೆ. ತಣ್ಣೀರಲ್ಲಿ ಸ್ವಲ್ಪ ದ್ರವ ಸೋಪು ಹಾಕಿ, ಎರಡು ಸಲ ಜಾಲಿಸಿ. ಹಿಂಡಬೇಡಿ, ನೆರಳಲ್ಲಿ ತೂಗುಹಾಕಿ. ಒದ್ದೆ ಕೋಟನ್ನು ಮಡಚಿ ಡಿಕ್ಕಿಯಲ್ಲೇ ಬಿಟ್ಟರೆ ತೇವ, ಸೆಕೆ ಸೇರಿ ಪಿಯು ಲೇಪ ಜಿಗುಟಾಗಿ ಹಪ್ಪಳದಂತೆ ಏಳುತ್ತದೆ. ಟೇಪು ಬಿಟ್ಟ ಹೊಲಿಗೆಗೆ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಿ ಸರಿಮಾಡಬಹುದು, ಎದ್ದುಹೋದ ಲೇಪಕ್ಕೆ ರಿಪೇರಿ ಇಲ್ಲ.