ಗಡಿಯ ಕಳ್ಳಸಾಗಣೆ ಸುದ್ದಿ ಓದುವಾಗ ಏನೇನು ಕೇಳಿಕೊಳ್ಳಬೇಕು?

"ಗಡಿಯಲ್ಲಿ ಕೋಟಿಗಟ್ಟಲೆ ಮಾಲು ವಶ, ಇಬ್ಬರ ಬಂಧನ." ಇಂಥ ಸುದ್ದಿ ಬರ್ತಾನೇ ಇರುತ್ತದೆ. ಓದುತ್ತೇವೆ, ಮರೆಯುತ್ತೇವೆ. ಆದರೆ ಗುಂಡಿನ ಸದ್ದಿನ ನಡುವೆ ಬದುಕುವ ಗಡಿಯ ಜನ ಹೇಗೆ ಹೊಟ್ಟೆ ಹೊರೆಯುತ್ತಾರೆ ಅಂತ ತಿಳಿಯಬೇಕಿದ್ದರೆ, ಅದೇ ಸುದ್ದಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಮೊದಲು ನೋಡಬೇಕಾದ್ದು, ಈ ವ್ಯಾಪಾರ ಯಾವಾಗಿನಿಂದ ಕಾನೂನುಬಾಹಿರ ಆಯಿತು ಅನ್ನುವುದು. ಕಾಶ್ಮೀರದ ಗಡಿ ನಿಯಂತ್ರಣ ರೇಖೆಯನ್ನೇ ತೆಗೆದುಕೊಳ್ಳಿ. 2008ರ ಅಕ್ಟೋಬರ್‌ನಲ್ಲಿ ಅಲ್ಲಿ ಸಲಾಮಾಬಾದ್ ಮತ್ತು ಚಕನ್-ದ-ಬಾಗ್ ದಾರಿಯಲ್ಲಿ ಕಾಶ್ಮೀರದ ಎರಡೂ ಬದಿಯ ನಡುವೆ ಕಾನೂನುಬದ್ಧ ವ್ಯಾಪಾರ ಶುರುವಾಯಿತು. 21 ಬಗೆಯ ಸರಕು, ದುಡ್ಡಿಲ್ಲ, ಸರಕಿಗೆ ಸರಕು. 2019ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಲ್ಲಿಸಿತು. ಈ ದಾರಿಯಲ್ಲಿ ಆಯುಧ, ಮಾದಕ ವಸ್ತು, ಖೋಟಾ ನೋಟು ಬರುತ್ತಿದೆ ಎಂಬ ಕಾರಣ ಕೊಟ್ಟಿತು. ಅದು ಸಣ್ಣ ಆರೋಪವಲ್ಲ. ಆದರೆ ಅದೇ ದಿನದಿಂದ ಲಾರಿ ಡ್ರೈವರ್, ಹಮಾಲಿ, ಸಣ್ಣ ವ್ಯಾಪಾರಿ ಎಲ್ಲರಿಗೂ ಆ ಕೆಲಸ ಹೋಯಿತು, ಅದನ್ನೂ ಜೊತೆಗೇ ನೆನಪಿಡಬೇಕು ಅಲ್ವಾ?

ಆಮೇಲೆ ಹೊರೆಯಲ್ಲಿ ಏನಿದೆ ಅಂತ ನೋಡಿ. ಕಳ್ಳಸಾಗಣೆ ಅಂದ ತಕ್ಷಣ ಎಲ್ಲವೂ ಹೆರಾಯಿನ್ ಅಲ್ಲ. ಇರಾನ್‌ನ ಕುರ್ದ್ ಪ್ರದೇಶದಲ್ಲಿ 'ಕೋಲ್‌ಬರ್' ಅಂತ ಕರೆಯುವ ಜನ ಇರಾಕ್ ಕಡೆಯಿಂದ ಬೆಟ್ಟ ಹತ್ತಿ ಟೀವಿ, ಟಯರ್, ಸಿಗರೇಟು, ಚಹಾಪುಡಿ ಬೆನ್ನ ಮೇಲೆ ಹೊತ್ತು ತರುತ್ತಾರೆ. ಹಿಮದಲ್ಲಿ ಜಾರಿ ಸಾಯುತ್ತಾರೆ, ಗಡಿ ಪಡೆಯ ಗುಂಡಿಗೂ ಸಾಯುತ್ತಾರೆ. ಒಂದು ಟೀವಿಗೋಸ್ಕರ.

ಮುಖ್ಯವಾದ ಪ್ರಶ್ನೆ ದುಡ್ಡಿನದು. ಮಾದಕ ವಸ್ತು ಸಿಕ್ಕಿದ ಸುದ್ದಿಯಲ್ಲಿ ಹೇಳುವ ಕೋಟಿ ಸಾಮಾನ್ಯವಾಗಿ ದೂರದ ಶಹರದ ಬೀದಿಯ ಬೆಲೆ. ಬೆಳೆದವನಿಗೆ ಸಿಕ್ಕಿದ್ದು ಅದರಲ್ಲಿ ಚೂರು. ಹಾಗಿದ್ದರೂ ಅವನು ಯಾಕೆ ಬೆಳೆಯುತ್ತಾನೆ? ಕೊಲಂಬಿಯಾದ ಪುಟುಮಾಯೊದಂಥ ಗಡಿ ಪ್ರದೇಶದಲ್ಲಿ ಬಾಳೆ, ಜೋಳ ಬೆಳೆದರೆ ಸರಿಯಾದ ರಸ್ತೆ ಇಲ್ಲದೆ ಮಾರುಕಟ್ಟೆ ತಲುಪಿಸುವುದೇ ಕಷ್ಟ. ಕೊಕೇನ್‌ನ ಮೂಲವಾದ ಕೋಕಾ ಎಲೆಯಿಂದ ಮಾಡಿದ ಪೇಸ್ಟ್ ಹಗುರ, ಬೇಗ ಕೆಡುವುದಿಲ್ಲ, ಕೊಳ್ಳುವವನು ಊರಿಗೇ ಬರುತ್ತಾನೆ. ಅಫ್ಘಾನಿಸ್ತಾನದಲ್ಲಿ ಅಫೀಮಿನ ಮೇಲೆ ಮುಂಗಡ ಸಾಲ ಸಿಗುತ್ತಿತ್ತು, ಅದಕ್ಕೆ 'ಸಲಾಂ' ಅನ್ನುತ್ತಾರೆ. ಚಳಿಗಾಲದಲ್ಲಿ ಮನೆ ನಡೆಸಲು ಬಡ ರೈತ ಕೊಯ್ಲಿಗೆ ಮೊದಲೇ ಕಡಿಮೆ ಬೆಲೆಗೆ ಬೆಳೆಯನ್ನು ಬರೆದುಕೊಡುತ್ತಿದ್ದ. ಬ್ಯಾಂಕ್ ಇಲ್ಲದ ಕಡೆ ಅಫೀಮೇ ಬ್ಯಾಂಕು. ಇದು ತಿಳಿಯದೆ "ಬೇರೆ ಬೆಳೆ ಬೆಳೆಯಲಿ" ಅಂತ ಸುಮ್ನೆ ಹೇಳಿಬಿಡುವುದು ನನಗೆ ತುಂಬಾ ಬೇಸರ ತರಿಸುತ್ತದೆ.

ನಿಷೇಧದ ಸುದ್ದಿ ಓದಿದರೆ ಅಲ್ಲಿಗೇ ಬಿಡಬೇಡಿ, ಮುಂದಿನ ವರ್ಷ ಏನಾಯಿತು ಅಂತ ಹುಡುಕಿ. ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಅಫೀಮು ನಿಷೇಧಿಸಿತು. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ 2,33,000 ಹೆಕ್ಟೇರ್ ಇದ್ದದ್ದು 2023ರಲ್ಲಿ 10,800ಕ್ಕೆ ಇಳಿಯಿತು. ಬೆಲೆ ಏರಿತು. ದಾಸ್ತಾನು ಇಟ್ಟಿದ್ದ ಜಮೀನುದಾರ ಗೆದ್ದ, ಅಫೀಮು ತೆಗೆಯಲು ಕಾಯಿ ಗೀರುವ ಕೂಲಿಯವನ ಕೆಲಸ ಹೋಯಿತು. ಅದೇ 2023ರಲ್ಲಿ, ಸೇನಾ ದಂಗೆಯ ನಂತರ ಯುದ್ಧದಲ್ಲಿ ಬೇಯುತ್ತಿದ್ದ ಮ್ಯಾನ್ಮಾರ್ ಅಫೀಮಿನಲ್ಲಿ ಜಗತ್ತಿಗೇ ಮೊದಲಾಯಿತು.

ಗೇಟು ಮುಚ್ಚಿದಾಗ ಮಾಮೂಲು ಯಾರ ಕೈಗೆ ಹೋಯಿತು ಅನ್ನುವುದನ್ನೂ ಕೇಳಿ. 2015ರ ಆಗಸ್ಟ್‌ನಲ್ಲಿ ವೆನೆಜುವೆಲಾ ಕೊಲಂಬಿಯಾದ ಕುಕುಟಾ ನಗರದ ಬಳಿ ಗಡಿ ಮುಚ್ಚಿತು. ಜನ 'ಟ್ರೋಚಾ' ಎಂಬ ಕಾಲುದಾರಿಗಳಲ್ಲಿ, ನದಿ ದಾಟಿ ಓಡಾಡಿದರು. ಆ ದಾರಿಗಳಲ್ಲಿ ಬಂದೂಕಿನ ಗುಂಪುಗಳು ನಿಂತು ವಸೂಲಿ ಮಾಡಿದವು. ಸೇತುವೆಗಳ ಮೇಲೆ ಸರಕು ಸಾಗಾಟ ಮತ್ತೆ ಶುರುವಾದದ್ದು 2022ರ ಸೆಪ್ಟೆಂಬರ್‌ನಲ್ಲಿ.

ಹೆಂಗಸರು ಎಲ್ಲಿ ಅಂತಲೂ ಹುಡುಕಿ. ಕಾಂಗೋದ ಗೋಮಾ ಮತ್ತು ರುವಾಂಡಾ ನಡುವೆ ತರಕಾರಿ, ಹಿಟ್ಟು ಹೊತ್ತು ದಿನಾ ದಾಟುವ ಸಣ್ಣ ವ್ಯಾಪಾರಿಗಳಲ್ಲಿ ಅವರೇ ಜಾಸ್ತಿ.

ಕೊನೆಗೆ, ಇದೆಲ್ಲ ಓದಿ ನೀವೇ ಏನಾದರೂ ಬರೆದರೆ ಅಥವಾ ಹಂಚಿದರೆ ಹೊರೆ ಹೊತ್ತವರ ಮುಖ ಕಾಣುವ ಫೋಟೋ ಹಾಕಬೇಡಿ, ಕಾಲುದಾರಿಯ ಜಾಗ ಗುರುತು ಸಿಗುವಂತೆ ಬರೆಯಬೇಡಿ, ಹೆಸರು ಬೇಡವೇ ಬೇಡ. ನಾಳೆ ಬೆಳಿಗ್ಗೆ ಅವರು ಅದೇ ದಾರಿಯಲ್ಲಿ ನಡೆಯಬೇಕು.