ಹಲಸಿನ ಹಲಗೆ, ಜಪಾನಿನ ಗಲ್ಲಾ: ಒಂದು ರಿಸೆಪ್ಷನ್ ಡೆಸ್ಕ್ ಮಾಡಿದ ಅನುಭವ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಬೆಂಗಳೂರಿನ ಒಂದು ಕ್ಲಿನಿಕ್‌ಗೆ "ಜಪಾನಿ ಸ್ಟೈಲ್" ರಿಸೆಪ್ಷನ್ ಡೆಸ್ಕ್ ಮಾಡಿಕೊಟ್ಟಿದ್ದೆ. ಮೇಲೆ ಎರಡಡಿ ಅಗಲದ ಒಂದೇ ಹಲಗೆ, ಮುಂದುಗಡೆ ಗ್ಯಾಸ್ ಟಾರ್ಚ್ ಹಿಡಿದು ಸುಟ್ಟು ಕಪ್ಪು ಮಾಡಿದ ಪೈನ್ ಪಟ್ಟಿಗಳು. ಫೋಟೋದಲ್ಲಿ ಭಾರಿ ಚೆನ್ನಾಗಿ ಬಂದಿತ್ತು. ಮೊದಲ ವಾರವೇ ಫೋನ್ ಬಂತು, ಪಟ್ಟಿಗೆ ಒರಗಿ ನಿಂತವರ ಶರ್ಟಿಗೆಲ್ಲ ಮಸಿ ಹತ್ತುತ್ತಿದೆ ಅಂತ. ನಾಲ್ಕು ತಿಂಗಳಿಗೆ ಮೇಲಿನ ಹಲಗೆ ಉದ್ದಕ್ಕೂ ಸೀಳಿತು. ಪೇಷೆಂಟ್‌ಗಳು ಕೂತಿದ್ದಾಗಲೇ ಪಟಾಕಿ ಹೊಡೆದ ಹಾಗೆ ಸದ್ದು ಬಂತಂತೆ.

ಎರಡೂ ನನ್ನದೇ ತಪ್ಪು. ಜಪಾನಿನಲ್ಲಿ ಮರ ಸುಡುವುದಕ್ಕೆ ಯಾಕಿಸುಗಿ ಅಂತಾರೆ. ಸುಗಿ ಅನ್ನೋ ಮೆದು ಮರದ ಮೂರು ಹಲಗೆಗಳನ್ನು ತ್ರಿಕೋನದ ಕೊಳವೆ ಥರ ಕಟ್ಟಿ ನಿಲ್ಲಿಸಿ, ಬುಡದಲ್ಲಿ ಬೆಂಕಿ ಹಾಕುತ್ತಾರೆ. ಒಳಮೈ ಸುಟ್ಟ ಮೇಲೆ ಬಿಡಿಸಿ ನೀರು ಸುರಿಯುತ್ತಾರೆ. ನವೊಶಿಮಾ ದ್ವೀಪದ ಹಳೇ ಮನೆಗಳಲ್ಲಿ ಇದನ್ನು ಈಗಲೂ ನೋಡಬಹುದು. ಆದರೆ ಎಲ್ಲಿ? ಹೊರಗೋಡೆಯ ಮೇಲೆ. ಮಳೆ, ಉಪ್ಪುಗಾಳಿ ತಡೆಯೋಕೆ ಮಾಡಿದ್ದು ಅದು, ಜನ ಮೊಣಕೈ ಊರೋಕೆ ಅಲ್ಲ. ಇನ್ನು ಹಲಗೆ ಸೀಳಿದ್ದು ಯಾಕೆ ಅಂದರೆ, ನಾನು ಅದನ್ನು ಕಬ್ಬಿಣದ ಆಂಗಲ್‌ಗೆ ಸ್ಕ್ರೂ ಹಾಕಿ ಬಿಗಿದಿದ್ದೆ. ಎಸಿ ಗಾಳಿಗೆ ಮರ ಒಣಗಿ ಕುಗ್ಗಬೇಕು, ಸ್ಕ್ರೂ ಬಿಡಲ್ಲ. ಪಾಪ, ಅದು ಇನ್ನೇನು ಮಾಡುತ್ತೆ?

ಆ ಡೆಸ್ಕನ್ನು ನನ್ನ ಖರ್ಚಲ್ಲೇ ಬದಲಾಯಿಸಿಕೊಟ್ಟೆ. ಆಮೇಲೆ ಬಹಳ ದಿನ ಜಪಾನ್ ಅನ್ನೋ ಮಾತೇ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಿಂದ ಕೆಲಸ ಬಂತು. ಎಂಟು ರೂಮಿನ ಹೋಮ್‌ಸ್ಟೇ. ಗಂಡ ಹೆಂಡತಿ ಇಬ್ಬರೂ ಕೆಲವು ವರ್ಷ ಜಪಾನಿನಲ್ಲಿ ಕೆಲಸ ಮಾಡಿ ಬಂದವರು. ಆಕೆ ಮೊದಲ ದಿನವೇ ಹೇಳಿದರು: "ನೋಡಿ, ಬುದ್ಧ ಬೇಡ, ಬಿದಿರು ಬೇಡ, ಕೆಂಪು ಲಾಟೀನು ಬೇಡ. ನಾವು ಅಲ್ಲಿ ಉಳ್ಕೊಂಡಿದ್ದ ಹೋಟೆಲ್‌ನಲ್ಲಿ ಒಳಗೆ ಕಾಲಿಟ್ಟ ತಕ್ಷಣ ಒಂಥರಾ ಆರಾಮ ಅನ್ಸೋದು. ಅದು ಬೇಕು ಅಷ್ಟೇ." ಒಂಥರಾ ಆರಾಮ ಅನ್ನೋದನ್ನು ಮಿಲಿಮೀಟರ್‌ನಲ್ಲಿ ಬರೆಯೋದು ಹೇಗೆ?

ಓದುತ್ತಾ ಹೋದಾಗ ಸಿಕ್ಕಿದ್ದು ಚೋಬಾ ಅನ್ನೋ ಪದ. ಹಳೇ ಜಪಾನಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವವನು ಕೂರುತ್ತಿದ್ದ ಜಾಗ ಅದು. ಚಾಪೆಯ ಮೇಲೆ ಕೂತು, ಎದುರಿಗೆ ಒಂದು ಗಿಡ್ಡ ಮೇಜು ಇಟ್ಟುಕೊಂಡು, ಸುತ್ತ ಮೊಣಕಾಲೆತ್ತರದ ಮಡಿಸುವ ಜಾಲರಿ ನಿಲ್ಲಿಸಿಕೊಂಡು ಲೆಕ್ಕ ಬರೆಯುತ್ತಿದ್ದ. ಪಕ್ಕದಲ್ಲಿ ಲೆಕ್ಕದ ಪುಸ್ತಕ ಇಡೋ ಖಾನೆಗಳ ಪೆಟ್ಟಿಗೆ. ರ್ಯೋಕಾನ್ ಅನ್ನೋ ಸಾಂಪ್ರದಾಯಿಕ ತಂಗುಮನೆಗಳಲ್ಲಿ ಈಗಲೂ ರಿಸೆಪ್ಷನ್‌ಗೆ ಚೋಬಾ ಅಂತಲೇ ಹೇಳುವುದುಂಟು. ಚಿತ್ರ ನೋಡಿದ ಕೂಡಲೇ ನನಗೆ ನಗು ಬಂತು. ಇದು ನಮ್ಮ ಶೆಟ್ಟರ ಅಂಗಡಿಯ ಗಲ್ಲಾ ಅಲ್ವಾ! ಗಾದಿ, ಇಳಿಜಾರು ಮುಚ್ಚಳದ ಗಲ್ಲಾಪೆಟ್ಟಿಗೆ, ಕಿರ್ದಿ ಪುಸ್ತಕ. ಅಲ್ಲಿ ಜಾಲರಿ ಒಂದು ಜಾಸ್ತಿ ಅಷ್ಟೇ.

ಅಲ್ಲಿಗೆ ಡಿಸೈನ್ ಅರ್ಧ ಮುಗಿಯಿತು. ನಾವೆಲ್ಲ ಮಾಡುವ ರಿಸೆಪ್ಷನ್ ಡೆಸ್ಕ್ ನಿಜವಾಗಿ ಒಂದು ಗೋಡೆ. 1100 ಮಿಲಿಮೀಟರ್ ಎತ್ತರ, ಆಚೆ ಒಬ್ಬರು, ಈಚೆ ಬ್ಯಾಗ್ ಹೊತ್ತು ನಿಂತವರು. ಇದನ್ನು ಕೂತು ಮಾತಾಡುವ ಮೇಜು ಮಾಡೋಣ ಅಂದೆ. ಎತ್ತರ 720, ಉದ್ದ 2100, ಅಗಲ 620. ಎದುರಿಗೆ ಎರಡು ಕುರ್ಚಿ, ಒಂದು ಬೆಂಚು. ವೀಲ್‌ಚೇರ್‌ನಲ್ಲಿ ಬಂದವರೂ ಮಂಡಿ ತಾಗದೆ ಹತ್ತಿರ ಬರೋ ಹಾಗೆ ಒಂದು ಕಡೆ ಕೆಳಗೆ ಪೂರ್ತಿ ಖಾಲಿ. ಇದಕ್ಕೆ ಮೊದಲು ಅಡ್ಡ ಬಂದಿದ್ದು ಅಲ್ಲಿನ ರಿಸೆಪ್ಷನ್ ಹುಡುಗ. "ಸಾರ್, ಗೆಸ್ಟ್ ಬಂದಾಗ ನಾನು ಕೂತೇ ಇದ್ರೆ ಮರ್ಯಾದೆ ಕೊಟ್ಟ ಹಾಗಿರುತ್ತಾ?" ಸರಿಯಾದ ಪ್ರಶ್ನೆ. ಅವನು ಎದ್ದು ಬಾಗಿಲ ತನಕ ಹೋಗಿ ಕರೆದುಕೊಂಡು ಬಂದು, ಅವರು ಕೂತ ಮೇಲೆ ತಾನೂ ಕೂರುವುದು ಅಂತಾಯಿತು. ಅದಕ್ಕೇ ಡೆಸ್ಕಿನ ಒಂದು ತುದಿ ಗೋಡೆಗೆ ತಾಗಿಸಲಿಲ್ಲ, ಅವನು ಬೇಗ ಹೊರಗೆ ಬರಲು ಮುಕ್ಕಾಲು ಮೀಟರ್ ದಾರಿ ಬಿಟ್ಟೆವು.

ಮರ ತೋಟದಲ್ಲೇ ಇತ್ತು. ಒಂದು ಆಷಾಢದ ಗಾಳಿಗೆ ಬಿದ್ದ ಹಲಸನ್ನು ಅವರ ತಂದೆ ಎರಡಿಂಚು ದಪ್ಪಕ್ಕೆ ಕುಯ್ಯಿಸಿ, ನಡುವೆ ರೀಪು ಇಟ್ಟು, ಕಾಫಿ ಕಣದ ಪಕ್ಕದ ಗೋಡೌನ್‌ನಲ್ಲಿ ಮೂರು ವರ್ಷ ಜೋಡಿಸಿಟ್ಟಿದ್ದರು. ಇಂಚಿಗೊಂದು ವರ್ಷ ಒಣಗಬೇಕು ಅನ್ನೋದು ನಮ್ಮಲ್ಲಿ ರೂಢಿಯ ಲೆಕ್ಕ, ಹಾಗಾಗಿ ಧೈರ್ಯ ಬಂತು. ಹಲಸು ಕುಯ್ದಾಗ ಅರಿಶಿನದ ಹಾಗೆ ಹಳದಿ, ಬೆಳಕು ಬಿದ್ದು ಬಿದ್ದು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ವೀಣೆಗೆ ಬಳಸೋ ಮರ ಅಲ್ವಾ, ಮುನಿಸು ಕಡಿಮೆ.

ತೊಂದರೆ ಇದ್ದಿದ್ದು ಅಂಚಿನಲ್ಲಿ. ಆಕೆಗೆ ಹಲಗೆಯ ಒಂದು ಅಂಚು ಮರ ಬೆಳೆದ ಡೊಂಕಿನಲ್ಲೇ ಇರಬೇಕು ಅಂತ ಆಸೆ. ಈ ರೀತಿಯನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ಮುಖ್ಯರು ಜಪಾನಿ ಮೂಲದ ಅಮೆರಿಕನ್ ಜಾರ್ಜ್ ನಕಾಶಿಮಾ. ಅವರು 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿದ್ದು, ಗೋಲ್ಕೊಂಡ್ ಅನ್ನೋ ವಸತಿ ಕಟ್ಟಡದ ಕೆಲಸ ನೋಡಿಕೊಂಡಿದ್ದರು. ಅರವಿಂದರು ಅವರಿಗೆ ಕೊಟ್ಟ ಹೆಸರು ಸುಂದರಾನಂದ. ಅಷ್ಟು ದೂರದ್ದು ಅಂದುಕೊಂಡಿದ್ದು ಇಲ್ಲೇ ಪಕ್ಕದಲ್ಲಿ ಓಡಾಡಿತ್ತು ಅಂತ ಗೊತ್ತಾದಾಗ ನನಗಂತೂ ಖುಷಿಯಾಯಿತು. ಆದರೆ ಡೊಂಕು ಅಂಚು ಇಟ್ಟರೆ ತೊಗಟೆ ಪಕ್ಕದ ಬಿಳಿ ಭಾಗವೂ ಉಳಿಯುತ್ತೆ, ಕುಟ್ಟೆ ಹುಳಕ್ಕೆ ಅದೇ ಹಬ್ಬದೂಟ. ತೊಗಟೆ ಪೂರ್ತಿ ತೆಗೆದು, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕಲಸಿ ಮೂರು ಸಲ ಹಚ್ಚಿದೆವು. ಡೊಂಕು ಅಂಚನ್ನು ಉದ್ದಕ್ಕೂ ಬಿಡಲಿಲ್ಲ, ಬಾಗಿಲ ಕಡೆಯ ಕೊನೆಯಲ್ಲಿ ಸ್ವಲ್ಪ ದೂರ ಮಾತ್ರ ಉಳಿಸಿದೆ. ಬರೆಯೋ ಜಾಗಕ್ಕೆ ನೇರ ಅಂಚೇ ಬೇಕು.

ಬೆಂಗಳೂರಿನ ವರ್ಕ್‌ಶಾಪಿಗೆ ಮರ ತರಲೇ ಇಲ್ಲ, ಅಲ್ಲೇ ಗೋಡೌನ್‌ನಲ್ಲಿ ಕೆಲಸ ಹೂಡಿದೆವು. ಇದನ್ನು ದಯವಿಟ್ಟು ಗಮನಿಸಿ. ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಅಲ್ಲಿ ಫೆಬ್ರವರಿಯಲ್ಲಿ ಶೇಕಡ 13 ತೋರಿಸಿತು, ಜುಲೈ ಮಳೆಯಲ್ಲಿ ಅದೇ ಹಲಗೆ ಶೇಕಡ 18. ಎರಡಡಿ ಅಗಲದ ಹಲಗೆ ಅಷ್ಟರಲ್ಲಿ ಸುಮಾರು 5 ಮಿಲಿಮೀಟರ್ ಹಿಗ್ಗುತ್ತೆ. ಬೆಂಗಳೂರಿನಲ್ಲಿ ಒಣಗಿಸಿ ಬಿಗಿ ಮಾಡಿ ಮಲೆನಾಡಿಗೆ ಹೊತ್ತೊಯ್ದಿದ್ದರೆ ಮತ್ತೆ ಕ್ಲಿನಿಕ್ ಕತೆಯೇ, ಉಲ್ಟಾ ಆಗಿ.

ಈ ಹಿಗ್ಗು ಕುಗ್ಗಿಗೆ ಜಪಾನಿನ ಬಡಗಿಗಳು ಮಾಡೋದು ಬಲು ಸರಳ. ಹಲಗೆಯ ಹೊಟ್ಟೆಯಲ್ಲಿ ಅಡ್ಡಕ್ಕೆ ಒಂದು ಕಾಲುವೆ ಕೊರೆಯುತ್ತಾರೆ, ಬಾಯಿ ಕಿರಿದು, ತಳ ಅಗಲ. ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ತೂರಿಸುತ್ತಾರೆ. ಅದರ ಹೆಸರಿನಲ್ಲಿ ಬರುವ ಅರಿ ಅಂದರೆ ಇರುವೆ. ಆ ಆಕಾರ ಅವರಿಗೆ ಇರುವೆಯ ತಲೆಯ ಹಾಗೆ ಕಂಡಿದೆ. ಪಟ್ಟಿ ಹಲಗೆಯನ್ನು ಬಾಗದಂತೆ ಹಿಡಿಯುತ್ತೆ, ಆದರೆ ಅಗಲಕ್ಕೆ ಹಿಗ್ಗೋಕೆ ಬಿಡುತ್ತೆ. ಅಂಟು ನಡುವೆ ಎರಡಿಂಚು ಮಾತ್ರ, ಸ್ಕ್ರೂ ಇಲ್ಲ.

ಹೇಳೋಕೆ ಸರಳ. ಕೊರೆಯೋದು ನಮ್ಮ ಆಚಾರ್ರ ಕೈಯಲ್ಲೂ ಎರಡು ದಿನ ಹಿಡಿಯಿತು. ಅರವತ್ತು ದಾಟಿದವರು, ನಲವತ್ತು ವರ್ಷದಿಂದ ಬಾಗಿಲು ಕಿಟಕಿ ಮಾಡಿದವರು. ನಾನು ತರಿಸಿದ್ದ ಜಪಾನಿ ಗರಗಸ ಕೊಟ್ಟೆ. ಅದು ಎಳೆಯುವಾಗ ಕುಯ್ಯುತ್ತೆ, ತಳ್ಳುವಾಗ ಅಲ್ಲ, ಅದಕ್ಕೇ ಅಲಗು ಬಹಳ ತೆಳು. "ಇದೇನ್ ಸ್ವಾಮಿ, ಹಿಮ್ಮುಖದ ಗರಗಸ" ಅಂತ ಬದಿಗಿಟ್ಟರು. ಮಧ್ಯಾಹ್ನ ನಾನು ಊಟ ಮುಗಿಸಿ ಬಂದರೆ ನೆಲದಲ್ಲಿ ಕೂತು, ಪಟ್ಟಿಯನ್ನು ಕಾಲ್ಬೆರಳಲ್ಲಿ ಒತ್ತಿಹಿಡಿದು ಅದರಲ್ಲೇ ಕುಯ್ಯುತ್ತಿದ್ದರು! ಜಪಾನಿನ ಬಡಗಿಗಳೂ ಹೀಗೇ ನೆಲದಲ್ಲಿ ಕೂತು, ಕಾಲನ್ನೇ ವೈಸ್ ಮಾಡಿಕೊಂಡು ಕೆಲಸ ಮಾಡುತ್ತಾರೆ ಅಂದೆ. "ಮತ್ತೆ ಹೆಂಗ್ ಮಾಡ್ತಾರೆ" ಅಂದರು, ತಲೆ ಎತ್ತದೆ.

ಹಲಗೆಯ ಒಂದು ತುದಿಯಲ್ಲಿ ಸಣ್ಣ ಬಿರುಕಿತ್ತು. ಎಪಾಕ್ಸಿ ಸುರಿಯಲಿಲ್ಲ. ಡಮರುಗದ ಆಕಾರದ ಎರಡು ಬೀಟೆ ತುಂಡು ಕೂರಿಸಿದೆವು, ಬಿರುಕು ಮುಂದೆ ಹೋಗದಂತೆ. ಇದಕ್ಕೆ ಜಪಾನಿನವರು ಚಿಗಿರಿ ಅಂತಾರೆ. ಧಾರವಾಡ ಕಡೆ ಜಿಂಕೆಗೆ ಚಿಗರಿ ಅಂತಾರೆ, ಅದು ಬೇರೆ, ಇದು ಬೇರೆ.

ಮೇಜಿನ ಮೇಲೆ ಚೋಬಾದ ಥರ ಗಿಡ್ಡ ಜಾಲರಿ, 350 ಎತ್ತರ, ತೋಟದ್ದೇ ಸಿಲ್ವರ್ ಓಕ್. ಯಜಮಾನರಿಗೆ ಅಸನೋಹಾ ಬೇಕಿತ್ತು, ಅಂದರೆ ಹೆಂಪ್ ಅನ್ನೋ ಗಾಂಜಾ ಜಾತಿಯ ನಾರುಗಿಡದ ಎಲೆ ವಿನ್ಯಾಸದ ಕುಮಿಕೊ ಕೆಲಸ. ಮೊಳೆ ಇಲ್ಲದೆ ಚೂರುಚೂರು ಕಡ್ಡಿ ಜೋಡಿಸಿ ಮಾಡೋದು. ನಾನು ಬೇಡವೇ ಬೇಡ ಅಂದೆ. ಹಲಸಿನ ನಾರೇ ಅಷ್ಟು ಮಾತಾಡುತ್ತಿರುವಾಗ ಅದರ ಪಕ್ಕ ಇನ್ನೊಂದು ಗದ್ದಲ ಯಾಕೆ? ಸುಮ್ನೆ ನೇರ ಪಟ್ಟಿ, 9 ಮಿಲಿಮೀಟರ್ ದಪ್ಪ, ನಡುವೆ 18ರ ಸಂದು. ಮಾನಿಟರ್, ಕಾರ್ಡ್ ಮಷೀನ್, ವೈರಿನ ಗೋಜಲು ಎಲ್ಲ ಅದರ ಹಿಂದೆ. ಹುಡುಗನಿಗೆ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ವೈರ್ ಕಾಣಲ್ಲ. ಪ್ರಿಂಟರ್ ಕೆಳಗಿನ ಖಾನೆಯಲ್ಲಿ. ಪ್ರಿಂಟರ್‌ಗೆ ಗಾಳಿ ಆಡಬೇಕು, ಮರೆತಿದ್ದೆ, ಆಮೇಲೆ ಹಿಂದೆ ತೂತು ಕೊರೆದೆ.

ಜಾಲರಿಯನ್ನು ಕಪ್ಪು ಮಾಡಿದ್ದು ನನಗೆ ಬಹಳ ಇಷ್ಟವಾದ ಭಾಗ. ಸುಡುವುದಿಲ್ಲ ಅಂತ ಶಪಥ ಆಗಿತ್ತಲ್ಲ. ಕಲಂಕಾರಿಯವರು ಕಪ್ಪಿಗೆ ಬಳಸೋ ಕಸಿಮಿ ಗೊತ್ತಿರಬಹುದು, ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಹಾಕಿ ಹುಳಿ ಬರಿಸಿದ್ದು. ಮೊದಲು ಅಳಲೆಕಾಯಿ ಕಷಾಯ ಹಚ್ಚಿ ಒಣಗಿಸಿ, ಮೇಲೆ ಮೂರು ವಾರ ಇಟ್ಟ ಕಸಿಮಿ ಹಚ್ಚಿದರೆ ಕಣ್ಣೆದುರೇ ಮರ ಬೂದು, ಆಮೇಲೆ ಇದ್ದಿಲ ಕಪ್ಪು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು, ಅಷ್ಟೇ ವಿದ್ಯೆ. ಹಿಂದೆ ಜಪಾನಿನ ಹೆಂಗಸರು ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದ ಒಹಗುರೊ ಇದೆಯಲ್ಲ, ಅದೂ ಕಬ್ಬಿಣದ ಹುಳಿನೀರು ಮತ್ತು ಒಗರಿನ ಪುಡಿಯೇ. ಮಸಿ ಕೈಗೆ ಹತ್ತಲ್ಲ. ವಾಸನೆ ಮಾತ್ರ ಎರಡು ದಿನ ಸಹಿಸಬೇಕು.

ಡೆಸ್ಕಿನ ಮುಂಭಾಗಕ್ಕೆ ಮಣ್ಣು ಮೆತ್ತಿದೆವು. ಜಪಾನಿನ ಮಣ್ಣುಗೋಡೆಗೆ ಬಿದಿರ ಹಂದರ, ಕೊಳೆಸಿದ ಹುಲ್ಲು ಬೆರೆಸಿದ ಮಣ್ಣು. ಮಲೆನಾಡಿನ ಹಳೇ ಮನೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತೋಟದ ಕೆಮ್ಮಣ್ಣು, ನೆನೆಸಿಟ್ಟ ಬತ್ತದ ಹುಲ್ಲು. ಮೊದಲ ಸಲ ಒಣಗಿದ ಕೆರೆಯ ಹಾಗೆ ಬಿರುಕು. ಅಂಟು ಜಾಸ್ತಿಯಾಗಿತ್ತು. ಒಂದು ಪಾಲು ಮಣ್ಣಿಗೆ ಎರಡು ಪಾಲು ಮರಳು ಮಾಡಿದ ಮೇಲೆ ನಿಂತಿತು. ಕೆಳಗೆ ಶೂ ಒದೆಯೋ ಜಾಗಕ್ಕೆ ಆರಿಂಚು ಸಾದರಹಳ್ಳಿ ಕಲ್ಲು.

ಮೇಲಿನ ಹಲಗೆಗೆ ಮರಳು ಕಾಗದ ಕಡಿಮೆ, ತೋಪಡದ್ದೇ ಮುಗಿತಾಯ. ಅಗಸೆ ಎಣ್ಣೆ ಹಚ್ಚಬೇಕು ಅಂದುಕೊಂಡಿದ್ದೆ, ಆ ತೇವದಲ್ಲಿ ಬೂಷ್ಟು ಹಿಡಿಯುತ್ತೆ ಅಂತ ಟಂಗ್ ಬೀಜದ ಎಣ್ಣೆ ಹಚ್ಚಿದೆ, ದಿನ ಬಿಟ್ಟು ದಿನ, ನಾಲ್ಕು ಸಲ. ಎಣ್ಣೆ ಒರೆಸಿದ ಬಟ್ಟೆ ಉಂಡೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿ ಬೆಂಕಿ ಹತ್ತುತ್ತೆ. ಹರಡಿ ಒಣಗಿಸಿ.

ಒಟ್ಟು ಹನ್ನೊಂದು ವಾರ. ಮರ ಬಿಟ್ಟು ಖರ್ಚು 1,85,000 ರೂಪಾಯಿ, ಅದರಲ್ಲಿ ಮುಕ್ಕಾಲು ಕೂಲಿ. ಇದೇ ಅಳತೆಗೆ ಪ್ಲೈ, ಲ್ಯಾಮಿನೇಟ್‌ನಲ್ಲಿ ಮಾಡಿದ್ದರೆ ಎರಡು ವಾರದ ಕೆಲಸ, ಸುಳ್ಳು ಹೇಳಲ್ಲ.

ಮೊದಲ ಮಳೆಗಾಲ ಕಳೆಯೋ ಹೊತ್ತಿಗೆ ನೋಡಲು ಹೋದೆ. ಹಲಗೆ ಅಗಲಕ್ಕೆ ಹಿಗ್ಗಲಿ ಅಂತ ಬಿಟ್ಟಿದ್ದ 8 ಮಿಲಿಮೀಟರ್ ಸಂದು 4ಕ್ಕೆ ಬಂದಿತ್ತು. ಬಿರುಕು ಚಿಗಿರಿ ದಾಟಿರಲಿಲ್ಲ. ಖಾಲಿ ಇರಲಿ ಅಂತ ನಾನು ಹಟ ಮಾಡಿ ಬಿಟ್ಟಿದ್ದ ಮೇಜಿನ ಬಲಭಾಗದಲ್ಲಿ ಪ್ಲಾಸ್ಟಿಕ್ ಗಣಪತಿ, ಸ್ಯಾನಿಟೈಸರ್, ಚಾಕಲೇಟ್ ಬಟ್ಟಲು. ಗಣಪತಿಗೆ ನಾನು ಏನೂ ಅನ್ನಲಿಲ್ಲ. ಉಳಿದೆರಡನ್ನು ಜಾಲರಿ ಹಿಂದೆ ಇಡಿಸಿದೆ. ಎಡಗಡೆಯ ಖಾನೆ ಮಾತ್ರ ಬಿಗಿಯಾಗಿ ಕಚ್ಚಿಕೊಂಡು ಹುಡುಗ ಎರಡೂ ಕೈಯಲ್ಲಿ ಎಳೆಯುತ್ತಿದ್ದ. "ಸಾರ್, ಒಂಚೂರು ಹೆರೆದು ಕೊಡಿ." ಈಗ ಹೆರೆದರೆ ಬೇಸಗೆಯಲ್ಲಿ ಗಡಗಡ ಅಲ್ಲಾಡುತ್ತೆ, ಡಿಸೆಂಬರ್ ತನಕ ತಡಿ, ಆಗಲೂ ಬಿಗಿ ಇದ್ದರೆ ಫೋನ್ ಮಾಡು ಅಂದೆ. ಡಿಸೆಂಬರ್‌ನಲ್ಲಿ ಫೋನ್ ಬರಲಿಲ್ಲ.