ಹದಿಮೂರು ಸಾಲಿಗೆ ಬಾರದ ಹಣ ನಾಲ್ಕು ಸಾಲಿಗೆ ಬಂತು

ಪೀಣ್ಯದ ಒಂದು ಟರ್ನಿಂಗ್ ಶಾಪಿನಲ್ಲಿ (ಲೇತ್ ಕೆಲಸದ ಕಾರ್ಖಾನೆ) ಲೆಕ್ಕ, ರವಾನೆ, ಪತ್ರವ್ಯವಹಾರ ಮೂರೂ ನನ್ನ ಒಂದೇ ಮೇಜಿನ ಮೇಲೆ. ಹೋದ ವರ್ಷದ ಯುಗಾದಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿ 18 ಲಕ್ಷ ದಾಟಿತ್ತು. ಬಿಲ್ ಹಾಕಿದ ಮರುತಿಂಗಳ 20ಕ್ಕೆ ಜಿಎಸ್‌ಟಿಯ 3ಬಿ ರಿಟರ್ನ್ ತುಂಬಲೇಬೇಕು, ಅಂದರೆ ಕೈಗೆ ಬಾರದ ಹಣಕ್ಕೂ ಜಿಎಸ್‌ಟಿ ಕಟ್ಟಿ ಕೂರಬೇಕು. ಅದರ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ. ಪತ್ರದಿಂದಲೇ ವಸೂಲಿ ಮಾಡುತ್ತೇನೆ ಎಂದಾಗ ಮಾಲೀಕರು ನಕ್ಕರು: "ಕಾಗದ ನೋಡಿ ಯಾರು ದುಡ್ಡು ಕೊಡುತ್ತಾರೆ ರೀ? ಹೋಗಿ ಅವರ ರಿಸೆಪ್ಷನ್ನಿನಲ್ಲಿ ಕುಳಿತುಕೊಳ್ಳಿ." ಈಗ ಬಾಕಿ ಐದಾರು ಲಕ್ಷದ ಆಚೀಚೆ ಇದೆ. ನಗುವುದಂತೂ ನಿಂತಿದೆ.

ಮೊದಲು ನಾನು ಬರೆಯುತ್ತಿದ್ದದ್ದು ಬ್ಯಾಂಕಿನ ಪತ್ರದ ಧಾಟಿಯಲ್ಲಿ. ನಮ್ಮ ಬಹುಕಾಲದ ಸಂಬಂಧ, ನಿಮ್ಮ ಅಮೂಲ್ಯ ಸಹಕಾರ, ಕೊನೆಗೆ "ಕೈಂಡ್ಲಿ ಡೂ ದಿ ನೀಡ್‌ಫುಲ್". ಆ ನೀಡ್‌ಫುಲ್ ಏನೆಂದು ಹೇಳುತ್ತಲೇ ಇರಲಿಲ್ಲ. ಕೆಳಗೆ ಏಳು ಬಿಲ್‌ಗಳ ಪಟ್ಟಿ. ಅದೇ ಪಟ್ಟಿಯಿಂದ ಪೆಟ್ಟು ಬಿತ್ತು. ಏಳರಲ್ಲಿ 11 ಸಾವಿರದ ಒಂದು ಬಿಲ್‌ಗೆ 40 ಪೀಸ್ ರಿಜೆಕ್ಟ್ ಎಂಬ ತಕರಾರಿತ್ತು. ಅಷ್ಟಕ್ಕೇ ಅವರ ಅಕೌಂಟ್ಸ್‌ನವರು ಇಡೀ ಮೇಲ್ ಅನ್ನು ಕ್ವಾಲಿಟಿ ವಿಭಾಗಕ್ಕೆ ತಳ್ಳಿದರು. ಸರಿಯಾಗಿದ್ದ ಆರು ಬಿಲ್‌ಗಳೂ ಜೊತೆಗೆ ಹೋದವು. ಹೆಚ್ಚುಕಡಿಮೆ 4 ಲಕ್ಷ, ಮೂರು ತಿಂಗಳು.

ವಾರಾಂತ್ಯದ ಬಿಸಿನೆಸ್ ಇಂಗ್ಲಿಷ್ ತರಗತಿಗೆ 6 ಸಾವಿರ ಕಟ್ಟಿದೆ. "ದಯವಿಟ್ಟು" ಎನ್ನುವುದನ್ನು ಇನ್ನೂ ಐದು ರೀತಿ ಹೇಳಲು ಕಲಿತೆ, ಅಷ್ಟೇ. ಮೊಬೈಲಿನ ಎಐಗೆ ಪತ್ರ ತಿದ್ದಲು ಕೊಟ್ಟೆ. ಅದು ನನ್ನ ಹದಿಮೂರು ಸಾಲಿಗೆ ಇಸ್ತ್ರಿ ಹಾಕಿ ಹದಿನಾರು ಮಾಡಿ ಹಿಂತಿರುಗಿಸಿತು.

ಕೊನೆಗೆ ಮಾಲೀಕರ ಮಾತಿನಂತೆ ಒಂದು ಕಂಪನಿಗೆ ಹೋಗಿ ಕುಳಿತೆ. ಹಣ ಸಿಗಲಿಲ್ಲ, ಕಣ್ಣಿಗೆ ಕೆಲಸ ಸಿಕ್ಕಿತು. ಗಾಜಿನಾಚೆ ಅಕೌಂಟ್ಸ್‌ನ ಹುಡುಗಿ ಮೇಲ್ ನೋಡುತ್ತಿದ್ದಳು. ಒಂದನ್ನೂ ಪೂರ್ತಿ ತೆರೆಯಲಿಲ್ಲ. ವಿಷಯದ ಸಾಲು, ಅದರ ಪಕ್ಕ ಕಾಣುವ ಅರ್ಧ ಸಾಲು, ಮುಂದಿನದು. ನನ್ನ ಸರದಿ ಬಂದಾಗ ಅವಳು ಹೇಳಿದ್ದು ಇಷ್ಟು: "ಸರ್, ಜಿಆರ್‌ಎನ್ ಆಗದೆ ನನ್ನ ಸ್ಕ್ರೀನಿಗೆ ಬಿಲ್ ಬರುವುದೇ ಇಲ್ಲ. ನೀವು ನನಗೆ ಬರೆದರೆ ನಾನೇನು ಮಾಡಲಿ?" ಜಿಆರ್‌ಎನ್ ಅಂದರೆ ಮಾಲು ತಲುಪಿತೆಂದು ಅವರ ಸ್ಟೋರ್ಸ್‌ನವರು ಮಾಡುವ ದಾಖಲೆ.

ಎರಡು ವರ್ಷ ತಪ್ಪು ಮೇಜಿಗೆ ಬರೆದಿದ್ದೆ.

ಅಂದಿನಿಂದ ಒಂದು ಬಿಲ್‌ಗೆ ಒಂದೇ ಮೇಲ್. ಬಿಲ್ ಎಲ್ಲಿ ನಿಂತಿದೆ ಎಂದು ಫೋನಿನಲ್ಲಿ ವಿಚಾರಿಸಿಕೊಂಡು ಆ ಮೇಜಿಗೇ ಬರೆಯುತ್ತೇನೆ. ಮೊದಲು ಕನ್ನಡದಲ್ಲಿ ಗೀಚುತ್ತೇನೆ, ಆಮೇಲೆ ಇಂಗ್ಲಿಷ್. ಕನ್ನಡದಲ್ಲಿ ಬರೆಯುವಾಗ ಸುತ್ತುಬಳಸಲು ನನಗೇ ನಾಚಿಕೆಯಾಗುತ್ತದೆ. ಗೀಚಿದ್ದು ಹೀಗಿರುತ್ತದೆ:

"ವಿಷಯ: ಬಿಲ್ 214, ರೂ. 86,140, ಗಡುವು ಆಗಸ್ಟ್ 9, ಜಿಆರ್‌ಎನ್ ಬಾಕಿ.
ಜುಲೈ 10ರಂದು ನಿಮ್ಮ ಗೇಟಿನಲ್ಲಿ ಮಾಲು ಇಳಿದಿದೆ, ಸೆಕ್ಯುರಿಟಿ ಮೊಹರಿನ ಚಲನ್ ಲಗತ್ತಿಸಿದ್ದೇನೆ.
ಜಿಆರ್‌ಎನ್ ಇನ್ನೂ ಆಗಿಲ್ಲ.
ಬುಧವಾರದೊಳಗೆ ಮಾಡಿಕೊಟ್ಟರೆ ಗುರುವಾರದ ಪಾವತಿಗೆ ಸೇರುತ್ತದೆ.
ಯಾವ ಕಾಗದ ಕಡಿಮೆ ಇದ್ದರೂ ಇಂದೇ ತಿಳಿಸಿ."

ಮೊದಲ ತಿಂಗಳು ಹೀಗೆ ಇಪ್ಪತ್ತರಷ್ಟು ಕಳುಹಿಸಿದೆ. ಹದಿಮೂರೋ ಹದಿನಾಲ್ಕೋ ಬಿಲ್‌ಗಳ ಹಣ ಬಂತು. ಕೆಲವು ಸ್ಟೋರ್ಸ್‌ನವರಿಗೆ ಇದನ್ನು ಇಂಗ್ಲಿಷಿಗೆ ತಿರುಗಿಸದೆ ಕನ್ನಡದಲ್ಲೇ ವಾಟ್ಸಾಪ್ ಮಾಡಿ ನೋಡಿದೆ. ಹಾವೇರಿ ಕಡೆಯ ಸ್ಟೋರ್‌ಕೀಪರ್ ಒಬ್ಬರು ಐದೇ ನಿಮಿಷದಲ್ಲಿ ಜಿಆರ್‌ಎನ್ ಫೋಟೊ ಕಳುಹಿಸಿದರು. ಅಕೌಂಟ್ಸ್‌ಗೆ ಹೀಗೆ ಮಾಡಲು ಹೋಗಬೇಡಿ, ಅವರಿಗೆ ಆಡಿಟ್‌ಗೆ ತೋರಿಸಲು ಮೇಲ್ ಬೇಕು.

ಕಾನೂನಿನ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದೇನೆ. 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆಯನ್ನು ಮೊದಲ ಪತ್ರದಲ್ಲೇ ಒಬ್ಬರಿಗೆ ಬಡಿದೆ, ಅದೂ ಅವರ ಎಂಡಿಗೆ ಪ್ರತಿ ಹಾಕಿ. ಹಣ ವಾರದಲ್ಲೇ ಬಂತು. ಆರ್ಡರ್ ಮೂರು ತಿಂಗಳು ಬರಲಿಲ್ಲ. ಮಾಲೀಕರು ನನ್ನನ್ನು ಕರೆದು ಏನೂ ಬೈಯಲಿಲ್ಲ, ಖಾಲಿ ನಿಂತ ಮೆಷಿನ್ ತೋರಿಸಿದರು. ಈಗ ಸಹಿಯ ಕೆಳಗೆ, ನಾವು ಸಣ್ಣ ಉದ್ಯಮ ಎಂದು ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ, ಒಂದು ಮಾತೂ ಹೆಚ್ಚಿಲ್ಲ. ಆದಾಯ ತೆರಿಗೆಯ 43ಬಿ(ಎಚ್) ನಿಯಮ ಬಂದ ಮೇಲೆ, ಸಣ್ಣ ಉದ್ಯಮಕ್ಕೆ ಕೊಡಬೇಕಾದ, ಗಡುವು ಮೀರಿದ ಬಿಲ್‌ನ ಖರ್ಚು ಹಣ ಕೊಟ್ಟ ವರ್ಷದಲ್ಲಷ್ಟೇ ಗಿರಾಕಿಯ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಮಾರ್ಚ್‌ನಲ್ಲಿ ಆ ಸಂಖ್ಯೆಯನ್ನು ಅವರ ಆಡಿಟರೇ ಹುಡುಕುತ್ತಾರೆ.

ಎರಡನೇ ಜ್ಞಾಪನಕ್ಕೆ ಬೇರೆ ಒಂದು ಸಾಲಿದೆ. ಅದನ್ನು ಕಂಡರೆ ಪರ್ಚೇಸ್‌ನವರು ತಾವಾಗಿಯೇ ಫೋನ್ ಮಾಡುತ್ತಾರೆ. ಇಲ್ಲಿ ಬರೆಯುವುದಿಲ್ಲ, ನಮ್ಮ ಗಿರಾಕಿಗಳಲ್ಲೂ ಓದುವವರಿದ್ದಾರೆ. ಕಳುಹಿಸುವ ಹೊತ್ತನ್ನು ಮಾತ್ರ ಹೇಳುತ್ತೇನೆ: ಅವರ ಪಾವತಿಯ ದಿನಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆಯ ಕಾಫಿ ಮುಗಿದ ಮೇಲೆ. ಸೋಮವಾರ ಬೇಡ.

ಒಬ್ಬರು ಮಾತ್ರ ಇನ್ನೂ ಬಗ್ಗಿಲ್ಲ. 1 ಲಕ್ಷ 40 ಸಾವಿರ, ಆರು ಮೇಲ್, ಒಂದಕ್ಕೂ ಉತ್ತರವಿಲ್ಲ. ನಿನ್ನೆ ಮಾಲೀಕರು ಏನೂ ಹೇಳದೆ ಬೈಕಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾಳೆ ಆ ಗಿರಾಕಿಯ ರಿಸೆಪ್ಷನ್ನಿಗೆ ಹೊರಟಿದ್ದೇನೆ, ಚಲನ್‌ನ ಪ್ರತಿ ಹಿಡಿದುಕೊಂಡು.